ಹಾಲು ಹರಿಯುವ ಹೋಸಿನ ಕಾಣದ ಸಂದು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಪೈವಳಿಕೆ, ಮುಳ್ಳೇರಿಯ ಸುತ್ತಿನ ಹಟ್ಟಿಗಳಲ್ಲಿ ಬೆಳಕು ಹರಿಯುವ ಮೊದಲೇ ಕರೆದ ಹಾಲು ಬಿಸಿಲೇರುವುದರೊಳಗೆ ಸೊಸೈಟಿ ಸೇರಿರುತ್ತದೆ. ಅಲ್ಲಿ ಅದಕ್ಕೆ ಒಂದರ ಮೇಲೊಂದು ಪರೀಕ್ಷೆ. ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ, ಕೊಬ್ಬಿನಂಶ ನೋಡುತ್ತಾರೆ, ಎಸ್‌ಎನ್‌ಎಫ್ ಅಂದರೆ ಕೊಬ್ಬಲ್ಲದ ಘನಾಂಶದ ಲೆಕ್ಕ ಹಾಕುತ್ತಾರೆ, ಸಂಶಯ ಬಂದರೆ ಮೂಸಿ ನೋಡಿ ಬದಿಗಿಡುತ್ತಾರೆ. ಬಲ್ಕ್ ಕೂಲರ್ ಇರುವ ಸೊಸೈಟಿಯಾದರೆ, ಕೆಚ್ಚಲಿನಿಂದ 37–38 ಡಿಗ್ರಿ ಬಿಸಿಯಲ್ಲಿ ಹೊರಬಂದ ಹಾಲನ್ನು ಅಲ್ಲೇ 4 ಡಿಗ್ರಿಗೆ ತಣಿಸುತ್ತಾರೆ. ಆಮೇಲೆ ಟ್ಯಾಂಕರ್ ಬರುತ್ತದೆ. ಜಿಲ್ಲೆಯ ಹಾಲು ಕಾಞಂಗಾಡಿನ ಪಕ್ಕದ ಮಾವುಂಗಾಲಿನಲ್ಲಿರುವ, ಕೇರಳದ ಹಾಲು ಒಕ್ಕೂಟ ಮಿಲ್ಮಾದ ಡೇರಿಗೆ ಹೊರಡುತ್ತದೆ.

ಕೂಲರಿನಿಂದ ಟ್ಯಾಂಕರಿಗೆ, ಟ್ಯಾಂಕರಿನಿಂದ ಡೇರಿಯ ತೊಟ್ಟಿಗೆ ಹಾಲನ್ನು ದಾಟಿಸುವುದು ಒಂದು ಹೋಸು. ರೈತರು ಅದನ್ನು ಪೈಪು ಎಂದೇ ಕರೆಯುತ್ತಾರೆ. ಊರಿನ ಅಷ್ಟೂ ಹಟ್ಟಿಗಳ ಹಾಲು ಆ ಒಂದೇ ದಾರಿಯಲ್ಲಿ ಹಾದುಹೋಗಬೇಕು. ಒಂದು ಮನೆಯ ಹಾಲು ಕೆಟ್ಟಿದ್ದರೆ ಆ ಒಂದು ಕ್ಯಾನು ವಾಪಸಾಗುತ್ತದೆ. ಹೋಸು ಕೆಟ್ಟಿದ್ದರೆ ಎಲ್ಲರ ಹಾಲೂ ಕೆಡುತ್ತದೆ. ಹಾಗಿದ್ದರೂ ಸೊಸೈಟಿಯ ಪುಸ್ತಕದಲ್ಲಿ ಹೋಸಿಗೆ ಒಂದು ಪುಟ ಇರುವುದು ಅಪರೂಪ. ಹೋಸಿನ ಮೈಯನ್ನಾದರೂ ಯಾರಾದರೂ ನೋಡಿಯಾರು, ಅದರ ಎರಡು ತುದಿಗಳಲ್ಲಿ ರಬ್ಬರೂ ಸ್ಟೀಲೂ ಕೂಡುವ ನಾಲ್ಕು ಬೆರಳಗಲದ ಜಾಗವನ್ನು ಬಗ್ಗಿ ನೋಡುವವರು ಇನ್ನೂ ಕಡಿಮೆ. ಈ ಲೇಖನ ಆ ನಾಲ್ಕು ಬೆರಳಗಲದ ಬಗ್ಗೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಹೋಸಿನ ತುದಿಯಲ್ಲಿರುವ ದುಂಡನೆಯ ಸ್ಟೀಲ್ ನಟ್ಟನ್ನು ಕೊಕ್ಕೆಯಂಥ ಸ್ಪ್ಯಾನರ್ ಹಾಕಿ ತಿರುಗಿಸಿ ಕೂಲರಿಗೆ ಜೋಡಿಸುತ್ತಾರಲ್ಲ, ಅದು ಯೂನಿಯನ್. ನಮ್ಮ ಡೇರಿಗಳಲ್ಲಿ ಹೆಚ್ಚಾಗಿ ಕಾಣುವುದು ಸ್ವೀಡನ್ ಮಾದರಿಯ ಎಸ್‌ಎಂಎಸ್ ಯೂನಿಯನ್. ಹೊಸ ಘಟಕಗಳಲ್ಲಿ ಕೈಯಲ್ಲೇ ಬಿಗಿಯುವ ಟ್ರೈ-ಕ್ಲ್ಯಾಂಪ್ ಕೂಡ ಇದೆ. ಈ ಜಾಗದ ಬಗ್ಗೆ ಹೆಚ್ಚು ಚಿಂತೆಯಿಲ್ಲ. ದಿನಾ ಬಿಚ್ಚುತ್ತಾರೆ, ಒಳಗಿನ ಗ್ಯಾಸ್ಕೆಟ್ ಕಣ್ಣಿಗೆ ಬೀಳುತ್ತದೆ, ಬ್ರಷ್ ತಾಗುತ್ತದೆ. ಚಿಂತೆ ಇರುವುದು ಅದರ ಹಿಂದಿನ ಭಾಗದಲ್ಲಿ. ಯೂನಿಯನ್ನಿನ ಬಾಲ ಹೋಸಿನ ಒಳಗೆ ಎರಡು–ಮೂರು ಇಂಚು ಹೊಕ್ಕು ಕೂತಿರುತ್ತದೆ. ಅಂಗಡಿಯವರು ಅದಕ್ಕೆ ನಿಪ್ಪಲ್ ಅನ್ನುತ್ತಾರೆ. ಒಮ್ಮೆ ತುರುಕಿದ ಮೇಲೆ ಆ ಜಾಗ ಮತ್ತೆ ಬೆಳಕು ಕಾಣುವುದು ಹೋಸನ್ನು ಎಸೆಯುವ ದಿನವೇ.

ಕ್ಲಿಪ್ಪಿನ ಕೆಳಗೆ ಏನಿದೆ?

ತೋಟದ ಕೆಲಸ ಬಲ್ಲ ಯಾರಿಗೂ ಹೋಸು ಜೋಡಿಸುವುದು ಗೊತ್ತು. ನಿಪ್ಪಲ್ ತುರುಕಿ, ಮೇಲಿನಿಂದ ಹೋಸ್ ಕ್ಲಿಪ್ ಹಾಕಿ, ಸ್ಕ್ರೂ ಡ್ರೈವರಿನಲ್ಲಿ ಬಿಗಿದರೆ ಮುಗಿಯಿತು. ಕ್ಲಿಪ್ ಸಿಗದಿದ್ದರೆ ಬೈಂಡಿಂಗ್ ವಯರು, ಅದೂ ಇಲ್ಲದಿದ್ದರೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿದರೂ ನೀರು ನಿಲ್ಲುತ್ತದೆ. ಅಡಿಕೆ ತೋಟಕ್ಕೆ ನೀರು ಬಿಡಲು ಇಷ್ಟು ಧಾರಾಳ ಸಾಕು. ಹಾಲಿಗೆ ಸಾಲದು, ಏಕೆಂದರೆ ಇಲ್ಲಿ ಸೋರದಿರುವುದು ಮೊದಲ ಅಗತ್ಯವಷ್ಟೇ.

ಕ್ಲಿಪ್ ಹಾಕಿ ಬಹುಕಾಲ ಬಳಸಿದ ಹಾಲಿನ ಹೋಸೊಂದನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡಬೇಕು. ಹೊರಗಿನಿಂದ ಬಿಗಿಯಾಗಿಯೇ ಕಂಡ ಜಾಗದ ಒಳಗೆ, ನಿಪ್ಪಲಿನ ಮೂತಿ ಮುಗಿಯುವಲ್ಲಿ ರಬ್ಬರು ಸ್ಟೀಲಿಗೆ ಅಂಟಿರುವುದಿಲ್ಲ. ಸುತ್ತಲೂ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಹಳದಿಗಟ್ಟಿದ ಒಂದು ಉಂಗುರ, ಉಗುರಿನಿಂದ ಕೆರೆದರೆ ಜಿಡ್ಡಾಗಿ ಏಳುತ್ತದೆ, ಹುಳಿ ಚೀಸಿನ ವಾಸನೆ. ನಿಪ್ಪಲಿನ ಏಣುಗಳ ನಡುವಿನ ತಗ್ಗುಗಳಲ್ಲಿ ಅದೇ ಜಿಡ್ಡು ಕಪ್ಪಗಾಗಿರುತ್ತದೆ. ಕ್ಲಿಪ್ಪಿನ ಸ್ಕ್ರೂ ಇರುವ ಕಡೆ ಒತ್ತಡ ಒಂದು ರೀತಿ, ಪಟ್ಟಿ ಮಾತ್ರ ಇರುವ ಕಡೆ ಇನ್ನೊಂದು ರೀತಿ. ಹೀಗಾಗಿ ಸಂದು ಒಂದೆಡೆ ಕಿರಿದು, ಇನ್ನೊಂದೆಡೆ ಅಗಲ. ಹೊಸದರಲ್ಲಿ ಬಿಗಿಯಾಗಿದ್ದದ್ದೂ ಬರಬರುತ್ತ ಸಡಿಲವಾಗುತ್ತದೆ. ಬಿಸಿನೀರು, ತಣ್ಣನೆಯ ಹಾಲು, ಮತ್ತೆ ಬಿಸಿನೀರು ಎಂದು ದಿನವೂ ಹಿಗ್ಗಿ ಕುಗ್ಗುವ ರಬ್ಬರು ಒತ್ತಿದ ಆಕಾರಕ್ಕೇ ಹೊಂದಿಕೊಂಡು ತನ್ನ ಪುಟಿತ ಕಳೆದುಕೊಳ್ಳುತ್ತದೆ.

ಇದಕ್ಕಿಂತಲೂ ಕೆಟ್ಟ ಜಾಗ ಹೋಸಿನ ಕತ್ತರಿಸಿದ ಅಂಚು. ಹಾಲಿನ ಹೋಸಿಗೆ ಒಳಗೊಂದು ನಯವಾದ ಬಿಳಿ ಪದರ, ಹೊರಗೊಂದು ಗಟ್ಟಿ ಪದರ, ನಡುವೆ ಬಲಕ್ಕೆ ನೂಲಿನ ಹೆಣಿಗೆ ಇರುತ್ತದೆ. ಪಂಪು ಹಾಲನ್ನು ಎಳೆಯುವಾಗ ಹೋಸು ಚಪ್ಪಟೆಯಾಗದಿರಲಿ ಎಂದು ಸುರುಳಿ ತಂತಿಯನ್ನೂ ಹಾಕಿರುತ್ತಾರೆ. ಕತ್ತರಿಸಿದಾಗ ಆ ನೂಲಿನ ತುದಿಗಳೆಲ್ಲ ತೆರೆದುಕೊಳ್ಳುತ್ತವೆ. ನಿಪ್ಪಲಿನ ಪಕ್ಕದಿಂದ ಜಿನುಗಿದ ಹಾಲು ಅಲ್ಲಿಗೆ ಮುಟ್ಟಿತೆಂದರೆ ನೂಲು ಅದನ್ನು ದೀಪದ ಬತ್ತಿಯಂತೆ ಹೀರಿಕೊಳ್ಳುತ್ತದೆ. ಆಮೇಲೆ ಹೋಸಿನ ಗೋಡೆಯ ಒಳಗೇ ಹಾಲು ಕೊಳೆಯತೊಡಗುತ್ತದೆ. ಯಾವ ಬ್ರಷ್ಷೂ ಯಾವ ಸೋಪಿನ ನೀರೂ ಅಲ್ಲಿಗೆ ತಲುಪುವುದಿಲ್ಲ.

ಹಾಲಿನ ಕೊಬ್ಬು, ಪ್ರೊಟೀನು, ಸುಣ್ಣದಂಶ ಸೇರಿ ಕಟ್ಟುವ ಪೊರೆಗೆ ಡೇರಿಯವರು ಮಿಲ್ಕ್ ಸ್ಟೋನ್ ಅನ್ನುತ್ತಾರೆ. ಅದರ ಆಸರೆಯಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯ ಪದರ ನೇಯ್ದುಕೊಂಡು ಕೂರುತ್ತವೆ. ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಕ್ಲೋರಿನ್ ನೀರು ಈ ಲೋಳೆಯ ಒಳಗೆ ಇಳಿಯುವುದು ಕಷ್ಟ. ದಿನಾ ಬೆಳಗ್ಗೆ ಹಾಲು ಹಾಯುವಾಗ ಆ ಪದರದಿಂದ ಒಂದಿಷ್ಟು ಕಳಚಿ ಹಾಲಿಗೆ ಬೀಳುತ್ತದೆ. ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಇಮ್ಮಡಿಯಾಗಲು ಇಪ್ಪತ್ತು ಮೂವತ್ತು ನಿಮಿಷ ಸಾಕು. ತಂಪಿನಲ್ಲಿ ವೇಗ ಕಡಿಮೆ, ಆದರೆ ಸ್ಯೂಡೋಮೊನಾಸ್‌ನಂಥವು 4 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತವೆ. ರೈತ ಎಷ್ಟೇ ಶುಚಿಯಾಗಿ ಕರೆದು ತಂದಿರಲಿ, ಅವನ ಶ್ರಮವನ್ನೆಲ್ಲ ಆ ಕೂದಲೆಳೆಯ ಸಂದು ಹಾಳುಮಾಡುತ್ತದೆ. ನನಗೆ ಇದರಲ್ಲಿ ಅತಿ ಹೆಚ್ಚು ನೋವು ತರುವ ಸಂಗತಿ ಇದೇ.

ಕಾಯಿಸಿದರೆ ಸಾಕಲ್ಲ?

ಹಾಲನ್ನು ಡೇರಿಯಲ್ಲಿ ಪಾಶ್ಚರೀಕರಿಸುತ್ತಾರೆ, ಮನೆಯಲ್ಲಿ ಮತ್ತೆ ಉಕ್ಕಿಸುತ್ತೇವೆ, ಹಾಗಿರುವಾಗ ಹೋಸಿನ ಸಂದಿಗೆ ಇಷ್ಟು ತಲೆಬಿಸಿ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೆ ರೋಗಕಾರಕಗಳಲ್ಲಿ ಬಹುಪಾಲು ಸಾಯುತ್ತವೆ, ನಿಜ. ಆದರೆ ಬ್ಯಾಸಿಲಸ್ ಸೀರಿಯಸ್‌ನ ಬೀಜಕಣಗಳು ಆ ಬಿಸಿಗೆ ಜಗ್ಗುವುದಿಲ್ಲ. ಸ್ಟ್ಯಾಫಿಲೊಕಾಕಸ್ ಒಮ್ಮೆ ಹಾಲಿನಲ್ಲಿ ವಿಷ ಬಿಟ್ಟಿತೆಂದರೆ ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ, ಉಕ್ಕಿಸಿದರೂ ಹೋಗುವುದಿಲ್ಲ. ಸ್ಯೂಡೋಮೊನಾಸ್ ಸ್ರವಿಸುವ ಕಿಣ್ವಗಳು ಪಾಶ್ಚರೀಕರಣ ದಾಟಿ ಬಂದು ಪ್ಯಾಕೆಟಿನ ಹಾಲಿಗೆ ಕಹಿ ತರುತ್ತವೆ. ಅಲ್ಲದೆ, ಪಾಶ್ಚರೀಕರಣದ ನಂತರವೂ ಡೇರಿಯೊಳಗೆ ಹೋಸುಗಳಿವೆ. ಅಲ್ಲಿ ಸೇರಿಕೊಂಡದ್ದನ್ನು ಕೊಲ್ಲುವ ಬಿಸಿ ಮುಂದೆ ಎಲ್ಲಿಯೂ ಇಲ್ಲ, ಮೊಸರು ಮಜ್ಜಿಗೆಯನ್ನು ಯಾರೂ ಕಾಯಿಸಿ ಕುಡಿಯುವುದಿಲ್ಲ.

2000ದ ಬೇಸಿಗೆಯಲ್ಲಿ ಜಪಾನಿನ ಒಸಾಕಾ ಸುತ್ತಮುತ್ತ 13 ಸಾವಿರಕ್ಕೂ ಹೆಚ್ಚು ಜನ ಸ್ನೋ ಬ್ರ್ಯಾಂಡ್ ಕಂಪನಿಯ ಕಡಿಮೆ ಕೊಬ್ಬಿನ ಹಾಲು ಕುಡಿದು ವಾಂತಿಭೇದಿಗೆ ತುತ್ತಾದರು. ತನಿಖೆ ಮೊದಲು ಹೋಗಿ ನಿಂತದ್ದು ಒಸಾಕಾ ಕಾರ್ಖಾನೆಯ ಪೈಪ್‌ಲೈನಿನ ಸರಿಯಾಗಿ ತೊಳೆಯದ ಒಂದು ವಾಲ್ವಿನ ಹತ್ತಿರ. ಆಮೇಲೆ ಮೂಲ ದೂರದ ಹೊಕ್ಕೈಡೋದ ಹಾಲಿನ ಪುಡಿ ಕಾರ್ಖಾನೆಯಲ್ಲಿ ಸಿಕ್ಕಿತು. ಅಲ್ಲಿ ಕರೆಂಟು ಹೋಗಿ, ಬೆಚ್ಚಗೇ ನಿಂತ ಹಾಲಿನಲ್ಲಿ ಸ್ಟ್ಯಾಫಿಲೊಕಾಕಸ್ ವಿಷ ಹುಟ್ಟಿತ್ತು. ಪುಡಿ ಮಾಡುವ ಕಾವನ್ನೆಲ್ಲ ಆ ವಿಷ ದಾಟಿ ಬಂದಿತ್ತು. ಜಗತ್ತಿನ ಅತಿ ಶಿಸ್ತಿನ ಡೇರಿ ಉದ್ಯಮಗಳಲ್ಲೊಂದು ಎಂದು ಹೆಸರಾದ ಕಡೆ ನಡೆದದ್ದು ಇದು.

ಕಾಸರಗೋಡಿಗೂ ಆಹಾರದ ವಿಷ ಹೊಸತಲ್ಲ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಹಲವರು ಆಸ್ಪತ್ರೆ ಸೇರಿದರು, 16 ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಶಿಗೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಆ ಪ್ರಕರಣಕ್ಕೂ ಹಾಲಿಗೂ ಸಂಬಂಧವಿಲ್ಲ. ಆದರೆ ಆಮೇಲೆ ಹೋಟೆಲುಗಳ ಅಡುಗೆಮನೆಗೆ ನುಗ್ಗಿದ ತಪಾಸಣೆಯ ಕಣ್ಣು ದ್ರವ ಆಹಾರ ಹರಿಯುವ ಪೈಪುಗಳ ಮೇಲೂ ಬೀಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಬಿಚ್ಚಬೇಕು, ಇಲ್ಲವೇ ಬೆಸೆಯಬೇಕು

ಈ ಜಿಲ್ಲೆಯ ಹಳೆಯ ಜಲಜ್ಞಾನ ಇಲ್ಲಿ ನೆನಪಾಗದೆ ಇರದು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಹನಿಹನಿ ನೀರನ್ನು ಮನೆಯಂಗಳಕ್ಕೆ ತಂದವರು ಎಣ್ಮಕಜೆ, ಬಾಯಾರು ಕಡೆಯ ಜನ. ಆ ನೀರು ಹರಿದು ಬಂದದ್ದು ಅಡಿಕೆ ಮರವನ್ನು ಸೀಳಿ ತಿರುಳು ತೆಗೆದು ಮಾಡಿದ ದಂಬೆಯಲ್ಲಿ. ದಂಬೆಯ ಮೇಲ್ಭಾಗ ತೆರೆದೇ ಇರುತ್ತಿತ್ತು. ಪಾಚಿ ಕಟ್ಟಿದರೆ ಕಾಣುತ್ತದೆ, ಕೈಯಾಡಿಸಿ ತೆಗೆಯಬಹುದು, ಕೊಳೆತರೆ ಬೇರೆ ದಂಬೆ ಇಡಬಹುದು. ಮುಚ್ಚಿದ ಪೈಪು ಬಂದ ಮೇಲೆ ನೀರು ಬೇಗ ಬಂತು, ಆದರೆ ಒಳಗೇನಿದೆ ಎಂದು ನೋಡುವ ಅವಕಾಶ ಹೋಯಿತು. ನೋಡಲಾಗದ ದಾರಿಯಲ್ಲಿ ಆಹಾರ ಹರಿಸುವಾಗ ಆ ದಾರಿಯ ರಚನೆಯೇ ಶುಚಿತ್ವಕ್ಕೆ ಹೊಣೆಯಾಗಬೇಕಾಗುತ್ತದೆ.

ಹಾಲು ಕರೆಯುವ ಮೆಷಿನ್ನಿನಲ್ಲೂ ರಬ್ಬರ್ ಟ್ಯೂಬುಗಳಿವೆ, ಅವೂ ಸ್ಟೀಲ್ ನಿಪ್ಪಲಿಗೆ ಬರೀ ಒತ್ತಿ ಕೂರಿಸಿದವು. ಅಲ್ಲಿ ತಕರಾರಿಲ್ಲ. ಎಳೆದರೆ ಕೈಗೆ ಬರುತ್ತವೆ, ಬಿಚ್ಚಿ ಬ್ರಷ್ ಹಾಕಿ ತೊಳೆದು ತೂಗುಹಾಕಬಹುದು. ಮೊಲೆತೊಟ್ಟಿಗೆ ಹಾಕುವ ರಬ್ಬರ್ ಲೈನರನ್ನು ಸುಮಾರು 2,500 ಕರೆಗಳಿಗೊಮ್ಮೆ ಬದಲಾಯಿಸಬೇಕೆಂಬ ಲೆಕ್ಕವೂ ಇದೆ. ಹಾಲಿನ ದಾರಿಯ ಯಾವುದೇ ಜೋಡಣೆಗೆ ಎರಡೇ ಎರಡು ಸರಿಯಾದ ಸ್ಥಿತಿ. ಒಂದೋ ದಿನಾ ಬಿಚ್ಚಿ ತೊಳೆಯುವಂತಿರಬೇಕು, ಇಲ್ಲವೇ ಒಳಗೆ ಒಂದು ಹನಿಯೂ ಇಳಿಯದಂತೆ ಬೆಸೆದಿರಬೇಕು. ಬಿಚ್ಚಲೂ ಆಗದ, ಬೆಸೆದೂ ಇರದ ಕ್ಲಿಪ್ ಜೋಡಣೆ ಇವೆರಡರ ನಡುವೆ ಉಳಿದುಬಿಟ್ಟಿದೆ. ಮೂರು ಮೀಟರಿನ ದಪ್ಪ ಹೋಸಿನಿಂದ ನಿಪ್ಪಲನ್ನು ದಿನಾ ಕಿತ್ತು ಮತ್ತೆ ತುರುಕುವುದು ಯಾರ ಕೈಲೂ ಆಗದ ಕೆಲಸ. ಉಳಿದದ್ದು ಬೆಸೆಯುವ ದಾರಿ. ಅದೇ ಕ್ರಿಂಪಿಂಗ್, ಅಂದರೆ ಸ್ಟೀಲಿನ ಕ್ಯಾಪ್ ಹಾಕಿ ಯಂತ್ರದಲ್ಲಿ ಸುತ್ತಲೂ ಹಿಸುಕಿ ಬಿಗಿಯುವುದು.

ಆಹಾರ ಸಾಗುವ ದಾರಿಯೇ ಶುಚಿತ್ವ ಕಾಯಬೇಕೆಂಬ ಪಾಠವನ್ನು ನಮ್ಮ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಕಲ್ಪರಸದ ವಿಷಯದಲ್ಲಿ ಇನ್ನೊಂದು ರೀತಿಯಲ್ಲಿ ತೋರಿಸಿದೆ. 1916ರಲ್ಲಿ ಮದ್ರಾಸ್ ಸರಕಾರದ ತೆಂಗು ಸಂಶೋಧನಾ ಕೇಂದ್ರವಾಗಿ ಕಾಸರಗೋಡಿನಲ್ಲಿ ಶುರುವಾದ ಈ ಸಂಸ್ಥೆ, ತೆಂಗಿನ ಹೊಂಬಾಳೆಯ ರಸ ಹುಳಿಯದಂತೆ ಇಳಿಸಲು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯೊಳಗೆ ರಸ ಬೀಳುವ ಚಿಲ್ಲರ್ ರೂಪಿಸಿತು. ತೆರೆದ ಮಡಕೆಯಲ್ಲಿ ಇರುವೆ, ಜೇನ್ನೊಣ ಬಿದ್ದು ಕೆಲವೇ ಗಂಟೆಗಳಲ್ಲಿ ಹುಳಿಯುವ ರಸ ಇಲ್ಲಿ ಸಿಹಿಯಾಗಿಯೇ ಉಳಿಯುತ್ತದೆ. ಮರದ ತುದಿಯಲ್ಲಿ ಇಷ್ಟು ಜಾಗ್ರತೆ ವಹಿಸಿ ಇಳಿಸಿದ ರಸ ಬಾಟಲಿ ಸೇರುವ ಮೊದಲು ಕ್ಲಿಪ್ ಹಾಕಿದ ಹೋಸಿನಲ್ಲಿ ಹಾದರೆ ಆ ಜಾಗ್ರತೆಗೆ ಬೆಲೆ ಎಲ್ಲಿ?

ಎಂಟು ದವಡೆಗಳ ಮಧ್ಯೆ

ಕ್ರಿಂಪಿಂಗ್ ಮಾಡಿದ ಹೋಸಿಗೆ ಮೂರು ಭಾಗ. ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ನಿಪ್ಪಲ್, ಅದರ ಮೇಲೆ ಹೋಸು, ಹೋಸಿನ ಮೇಲೆ ಸ್ಟೀಲಿನದೇ ಒಂದು ಕ್ಯಾಪ್. ನಿಪ್ಪಲಿಗೆ 304 ಇಲ್ಲವೇ 316ಎಲ್ ದರ್ಜೆಯ ಸ್ಟೀಲು ಬೇಕು. ಹಾಲು ತಾಗುವ ಮೈಯ ಒರಟುತನ 0.8 ಮೈಕ್ರಾನ್ ಮೀರಬಾರದೆಂದು ಅಮೆರಿಕದ 3-ಎ ಸ್ಯಾನಿಟರಿ ಮಾನದಂಡಗಳು ಹೇಳುತ್ತವೆ. ಒಂದು ಬ್ಯಾಕ್ಟೀರಿಯಾದ ಗಾತ್ರ ಹೆಚ್ಚುಕಡಿಮೆ ಒಂದು ಮೈಕ್ರಾನ್. ಅದು ಅಡಗಿ ಕೂರುವಷ್ಟೂ ಗೀರು ಇರಬಾರದೆಂಬ ಲೆಕ್ಕಾಚಾರ ಇದು. ಜೋಡಣೆ ಮುಗಿದ ಹೋಸಿಗೇ ಪ್ರತ್ಯೇಕವಾಗಿ 3-ಎಯ 62ನೇ ಸಂಖ್ಯೆಯ ಮಾನದಂಡವಿದೆ. ಹೋಸು ಬೇರೆ, ನಿಪ್ಪಲ್ ಬೇರೆ ಎಂದು ಒಪ್ಪಿಗೆ ಪಡೆದರೂ ಅವುಗಳನ್ನು ಜೋಡಿಸಿದ ರೀತಿ ಕೆಟ್ಟಿದ್ದರೆ ಏನೂ ಪ್ರಯೋಜನವಿಲ್ಲ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು.

ಕೆಲಸ ಶುರುವಾಗುವುದು ಹೋಸನ್ನು ಕತ್ತರಿಸುವಲ್ಲಿಂದ. ಕಡಿತ ನೇರವಾಗಿರಬೇಕು. ಓರೆಯಾದರೆ ಒಂದು ಬದಿ ಕ್ಯಾಪಿನ ತಳ ಮುಟ್ಟುತ್ತದೆ, ಇನ್ನೊಂದು ಬದಿ ಮುಟ್ಟುವುದಿಲ್ಲ, ಅಲ್ಲೇ ಪೊಳ್ಳು. ಕತ್ತರಿಸಿದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ನಿಪ್ಪಲ್ ಎಷ್ಟು ಆಳ ಹೋಗಬೇಕೋ ಅಷ್ಟಕ್ಕೆ ಹೋಸಿನ ಮೇಲೆ ಗುರುತು ಹಾಕಬೇಕು. ಆ ಗುರುತು ಮುಂದೆ ಸಾಕ್ಷಿ ಹೇಳುತ್ತದೆ. ಕ್ಯಾಪನ್ನು ಮೊದಲು ಹೋಸಿಗೆ ತೊಡಿಸಿ, ನಿಪ್ಪಲನ್ನು ಶುದ್ಧ ನೀರಿನಲ್ಲಿ ಅದ್ದಿ ತಿರುಚದೆ ನೇರ ಒತ್ತಬೇಕು. ಸಲೀಸಾಗಲಿ ಎಂದು ಗ್ರೀಸನ್ನೋ ಎಂಜಿನ್ ಎಣ್ಣೆಯನ್ನೋ ಮುಟ್ಟಿಸಿದರೆ ಆ ಹೋಸು ಹಾಲಿಗೆ ಅಲ್ಲಿಗೇ ಮುಗಿಯಿತು.

ಆಮೇಲೆ ಕ್ರಿಂಪಿಂಗ್ ಮೆಷಿನ್. ದುಂಡನೆಯ ಬಾಯಿಯ ಸುತ್ತ ಸಾಮಾನ್ಯವಾಗಿ ಎಂಟು ಡೈ, ಅಂದರೆ ಎಂಟು ಉಕ್ಕಿನ ದವಡೆ. ಹೈಡ್ರಾಲಿಕ್ ಒತ್ತಡ ಕೊಟ್ಟಾಗ ಎಂಟೂ ಒಟ್ಟಿಗೆ ನಡುವಿನ ಕಡೆಗೆ ಸರಿದು ಕ್ಯಾಪನ್ನು ಸುತ್ತಲಿನಿಂದ ಒಂದೇ ಸಮನೆ ಹಿಸುಕುತ್ತವೆ. ಕ್ಯಾಪಿನ ವ್ಯಾಸ ಕಿರಿದಾಗುತ್ತದೆ, ರಬ್ಬರು ನಿಪ್ಪಲಿನ ಏಣುಗಳ ನಡುವೆ ಹರಿದು ತುಂಬಿಕೊಳ್ಳುತ್ತದೆ. ಸ್ಯಾನಿಟರಿ ಜೋಡಣೆಯ ಜಾಣತನ ಇರುವುದು ನಿಪ್ಪಲಿನ ಮೂತಿಯಲ್ಲಿ. ಅದು ಚೂಪಾಗಿ ತೆಳುವಾಗುತ್ತ ಹೋಗಿ ಹೋಸಿನ ಒಳಮೈಗೆ ಸಮನಾಗಿ ಮುಗಿಯಬೇಕು, ಕ್ರಿಂಪಿನ ಒತ್ತಡ ಸರಿಯಾಗಿ ಆ ಮೂತಿಯ ಮೇಲೆಯೇ ಬೀಳಬೇಕು. ಆಗ ಹಾಲಿಗೆ ಒಳನುಸುಳಲು ಬಾಯಿಯೇ ಇರುವುದಿಲ್ಲ. ಏಣುಗಳ ಮೇಲೆ ಮಾತ್ರ ಒತ್ತಿ ಮೂತಿಯನ್ನು ಸಡಿಲ ಬಿಟ್ಟರೆ ಹೋಸು ಕಳಚುವುದಿಲ್ಲ, ಸೋರುವುದಿಲ್ಲ, ಆದರೆ ಕ್ಲಿಪ್ಪಿನಲ್ಲಿದ್ದ ಸಂದು ಇಲ್ಲಿಯೂ ಉಳಿಯುತ್ತದೆ. ಬೆಲೆ ಕೊಟ್ಟು ಕ್ರಿಂಪ್ ಮಾಡಿಸಿಯೂ ಮೋಸಹೋಗುವ ಜಾಗ ಇದು.

ಎಷ್ಟು ಒತ್ತಬೇಕು ಎಂಬುದಕ್ಕೆ ಅಂದಾಜು ನಡೆಯುವುದಿಲ್ಲ. ಉದಾಹರಣೆಗೆ ಒಂದು ಲೆಕ್ಕ ನೋಡೋಣ. ನಿಪ್ಪಲಿನ ಹೊರವ್ಯಾಸ 39 ಮಿಲಿಮೀಟರ್, ಹೋಸಿನ ಗೋಡೆ 6.5 ಮಿ.ಮೀ., ಕ್ಯಾಪಿನ ದಪ್ಪ 2 ಮಿ.ಮೀ. ಇದೆಯೆನ್ನಿ. ಗೋಡೆಯನ್ನು ಶೇ 20ರಷ್ಟು ಹಿಸುಕಬೇಕೆಂದು ಹೋಸು ತಯಾರಿಸಿದವರು ಹೇಳಿದ್ದರೆ 6.5 ಇದ್ದದ್ದು 5.2 ಆಗಬೇಕು. ಎರಡೂ ಬದಿಯ ಗೋಡೆ ಸೇರಿ 10.4, ಕ್ಯಾಪಿನ ಎರಡೂ ಬದಿ 4, ನಿಪ್ಪಲ್ 39. ಒಟ್ಟು 53.4 ಮಿ.ಮೀ. ಕ್ರಿಂಪ್ ಮುಗಿದ ಕ್ಯಾಪಿನ ಹೊರವ್ಯಾಸ ಇದಕ್ಕೆ ಬಂದು ನಿಲ್ಲಬೇಕು. ವರ್ನಿಯರ್ ಹಿಡಿದು ಒಂದು ಕಡೆ ಅಳೆದರೆ ಸಾಲದು, ಸುತ್ತ ಮೂರು ನಾಲ್ಕು ಕಡೆ ಅಳೆಯಬೇಕು. ಶೇ 20 ಎಂಬುದು ಎಲ್ಲ ಹೋಸಿಗೂ ಹೊಂದುವ ಸಂಖ್ಯೆಯಲ್ಲ. ಮೆತ್ತನೆಯ ಸಿಲಿಕೋನ್‌ಗೆ ಒಂದು, ತಂತಿ ಸುತ್ತಿದ ರಬ್ಬರಿಗೆ ಇನ್ನೊಂದು. ತಯಾರಕರ ಚಾರ್ಟ್ ಕೈಯಲ್ಲಿಲ್ಲದೆ ಡೈ ಮುಟ್ಟಬಾರದು.

ಕಡಿಮೆ ಒತ್ತಿದರೆ ನಿಪ್ಪಲ್ ಒಂದು ದಿನ ಜಾರಿ ಬರುತ್ತದೆ, ಆಗ ಹೋಸಿನ ಮೇಲೆ ಹಾಕಿದ ಗುರುತು ಕ್ಯಾಪಿನಿಂದ ದೂರ ಸರಿದಿರುವುದು ಕಾಣುತ್ತದೆ. ಹೆಚ್ಚು ಒತ್ತಿದರೆ ಅಪಾಯ ಒಳಗೆ ಅಡಗುತ್ತದೆ. ನಿಪ್ಪಲ್ ಕುಸಿದು ಒಳದಾರಿ ಕಿರಿದಾಗುತ್ತದೆ, ಇಲ್ಲವೇ ಮೂತಿಯ ಮುಂದೆ ರಬ್ಬರು ಗುಳ್ಳೆಯಂತೆ ಉಬ್ಬಿ ಅದರ ಹಿಂದೆ ಹಾಲು ನಿಲ್ಲುತ್ತದೆ. ಅದಕ್ಕೇ ಕ್ರಿಂಪ್ ಆದ ಮೇಲೆ ನಿಗದಿತ ಅಳತೆಯ ಗೇಜೊಂದನ್ನು ಒಳಗೆ ಹಾಯಿಸಬೇಕು, ಟಾರ್ಚ್ ಬಿಟ್ಟು ನೋಡಬೇಕು, ಬೆರಳಾಡಿಸಿ ಮೂತಿ ತಡೆಯುತ್ತದೆಯೇ ಎಂದು ಮುಟ್ಟಿ ತಿಳಿಯಬೇಕು. ಕೊನೆಗೆ ನೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟಿನಲ್ಲಿ ಹಿಡಿದು ಪರೀಕ್ಷೆ. ಕೆಲವು ತಯಾರಕರು ಹೊರಗಿನಿಂದ ಹಿಸುಕುವ ಬದಲು ಒಳಗಿನಿಂದ ಒಂದು ಗೂಟವನ್ನು ಎಳೆದು ನಿಪ್ಪಲನ್ನೇ ಹೊರಕ್ಕೆ ಹಿಗ್ಗಿಸುತ್ತಾರೆ. ಹಾಗೆ ಮಾಡಿದಾಗ ಹೋಸಿನ ಒಳವ್ಯಾಸವೂ ನಿಪ್ಪಲಿನ ಒಳವ್ಯಾಸವೂ ಒಂದೇ ಆಗಿ ದಾರಿ ನುಣುಪಾಗುತ್ತದೆ. ಬೆಲೆ ಹೆಚ್ಚು. ಡೇರಿಯ ಒಳಗಿನ, ಪಾಶ್ಚರೀಕರಣದ ನಂತರದ ಹೋಸುಗಳಿಗೆ ಅದು ತಕ್ಕದ್ದು.

ಜೆಸಿಬಿ ಹೋಸಿನ ಅಂಗಡಿಯಲ್ಲಿ ಹಾಲಿನ ಹೋಸು?

ಕ್ರಿಂಪಿಂಗ್ ಮೆಷಿನ್ ನಮ್ಮ ಕಡೆ ಅಪರೂಪವೇನಲ್ಲ. ಕೆಂಪುಕಲ್ಲಿನ ಪಣೆಗಳು, ಜೆಸಿಬಿಗಳು, ಹೆದ್ದಾರಿ ಕೆಲಸದ ಯಂತ್ರಗಳು ಇರುವಲ್ಲಿ ಹೈಡ್ರಾಲಿಕ್ ಹೋಸಿನ ಅಂಗಡಿ ಇದ್ದೇ ಇರುತ್ತದೆ. ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರಿನಲ್ಲಿ ಸಿಗುತ್ತದೆ. ಹೀಗಾಗಿ ಸೊಸೈಟಿಯ ಹೋಸು ಹಾಳಾದಾಗ ಅಲ್ಲಿಗೇ ಒಯ್ಯೋಣ ಎಂದು ತೋಚುವುದು ಸಹಜ. ಆ ಅಂಗಡಿಯವರ ಕೈಚಳಕ ದೊಡ್ಡದು, ಅದರ ಬಗ್ಗೆ ಮಾತಿಲ್ಲ. ಆದರೆ ಅವರ ಮೆಷಿನ್ನು ದಿನವಿಡೀ ಎಣ್ಣೆ ಹಿಡಿದ ಹೋಸುಗಳ ಮೇಲೆ ಕೆಲಸ ಮಾಡಿರುತ್ತದೆ, ಡೈಗಳಲ್ಲಿ ಎಣ್ಣೆ ಇರುತ್ತದೆ. ಅವರಲ್ಲಿರುವ ನಿಪ್ಪಲು ಸತು ಲೇಪಿಸಿದ ಕಬ್ಬಿಣದ್ದು, ಹಾಲಿನ ಹುಳಿಗೂ ಆಸಿಡ್ ತೊಳೆತಕ್ಕೂ ಬಾಳುವುದಲ್ಲ. ಹೈಡ್ರಾಲಿಕ್ ಹೋಸಿನಲ್ಲಿ ಉಕ್ಕಿನ ತಂತಿಯ ಹೆಣಿಗೆ ಇರುವುದರಿಂದ ಅದನ್ನು ಒತ್ತುವ ಅಂದಾಜೇ ಬೇರೆ, ಹಾಲಿನ ಮೆತ್ತನೆಯ ಹೋಸಿಗೆ ಆ ಒತ್ತಡ ಕೊಟ್ಟರೆ ಗೋಡೆ ನುಜ್ಜುಗುಜ್ಜಾಗುತ್ತದೆ. ಮೆಷಿನ್ನಿನ ಶಕ್ತಿಯೇನೋ ಸಾಕು. ಅಲ್ಲಿ ಮಾಡಿಸಲೇಬೇಕಾದರೆ ಸ್ಟೇನ್‌ಲೆಸ್ ನಿಪ್ಪಲು, ಕ್ಯಾಪು, ಚಾರ್ಟು ಮೂರನ್ನೂ ಸೊಸೈಟಿಯೇ ಒಯ್ಯಬೇಕು, ಡೈಗಳನ್ನು ಒರೆಸಿ ತೊಳೆಸಿ, ಕೆಲಸ ಮುಗಿಯುವ ತನಕ ಜೊತೆಗೆ ನಿಲ್ಲಬೇಕು. ನನ್ನನ್ನು ಕೇಳಿದರೆ, ಆಹಾರದ ಹೋಸನ್ನೇ ಮಾಡುವವರಿಂದ ಜೋಡಿಸಿ, ಪರೀಕ್ಷೆಯ ಟ್ಯಾಗ್ ಸಮೇತ ತರಿಸುವುದೇ ಲೇಸು.

ಇನ್ನೊಂದನ್ನು ಕಟುವಾಗಿಯೇ ಹೇಳಬೇಕು. ಅಡಿಕೆಗೆ ಮದ್ದು ಬಿಡುವ ಪೈಪಿನ ತುಂಡನ್ನು, ಚೆನ್ನಾಗಿ ತೊಳೆದಿದ್ದೇವೆಂದು, ಹಟ್ಟಿಯಲ್ಲೋ ಕುಡಿಯುವ ನೀರಿನ ಟ್ಯಾಂಕಿಗೋ ಬಳಸುವ ಅಭ್ಯಾಸ ನಿಲ್ಲಬೇಕು. ಮೈಲುತುತ್ತು ಮತ್ತು ಸುಣ್ಣದ ದ್ರಾವಣ ವರ್ಷಗಟ್ಟಲೆ ಹರಿದ ರಬ್ಬರಿನಿಂದ ತಾಮ್ರ ತೊಳೆದುಹೋಗುವುದಿಲ್ಲ. ಆ ಪೈಪಿನ ರಬ್ಬರು ಮೊದಲಿಗೇ ಆಹಾರ ದರ್ಜೆಯದಲ್ಲ. ಎಂಡೋಸಲ್ಫಾನ್ ಕೀಟನಾಶಕದ ಸಂಕಟ ಉಂಡ ನೆಲದಲ್ಲಿ ಇದನ್ನು ವಿವರಿಸಬೇಕಾದ ಅಗತ್ಯ ಬೀಳಬಾರದು. 12 ನದಿಗಳ ಜಿಲ್ಲೆಯಾದರೂ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ವಾರ್ಡುಗಳಿವೆ. ಆ ಟ್ಯಾಂಕರುಗಳ ಹೋಸಿಗೂ ಈ ಲೇಖನದ ಪ್ರತಿ ಮಾತು ಅನ್ವಯಿಸುತ್ತದೆ.

ಹೋಸು ಎಂಥದ್ದು ಎಂಬುದೂ ಮುಖ್ಯ. ಇಪಿಡಿಎಂ ರಬ್ಬರು ಬಿಸಿನೀರು, ಹಬೆಗೆ ಗಟ್ಟಿ, ಕೊಬ್ಬಿಗೆ ದುರ್ಬಲ. ಕೆನೆ, ತುಪ್ಪದಂಥವು ತಾಗಿದರೆ ಊದಿಕೊಳ್ಳುತ್ತದೆ, ಊದಿದ ರಬ್ಬರು ಕ್ರಿಂಪಿನ ಬಿಗಿ ಕಳೆಯುತ್ತದೆ. ಕೊಬ್ಬಿನ ಪದಾರ್ಥಕ್ಕೆ ನೈಟ್ರೈಲ್ ಒಳಪದರದ ಹೋಸು ಕೇಳಿ ತರಿಸಬೇಕು.

ತೊಳೆಯುವ ಕ್ರಮ ಎಲ್ಲರಿಗೂ ಗೊತ್ತಿದೆ ಎಂದುಕೊಂಡಿರುತ್ತೇವೆ. ಮೊದಲು ಉಗುರುಬೆಚ್ಚನೆಯ ನೀರು, ಆಮೇಲೆ ಶೇ 1ರಿಂದ 1.5ರ ಕಾಸ್ಟಿಕ್ ಸೋಡಾ ಸುಮಾರು 70 ಡಿಗ್ರಿಯಲ್ಲಿ, ಮತ್ತೆ ನೀರು, ಆಗಾಗ ಮಿಲ್ಕ್ ಸ್ಟೋನ್ ಕರಗಿಸಲು ನೈಟ್ರಿಕ್ ಆಸಿಡಿನ ತೆಳು ದ್ರಾವಣ. ಇದರ ಜೊತೆ ವೇಗವೂ ಬೇಕು. ಪೈಪಿನೊಳಗೆ ತೊಳೆನೀರು ಸೆಕೆಂಡಿಗೆ ಕನಿಷ್ಠ ಒಂದೂವರೆ ಮೀಟರ್ ವೇಗದಲ್ಲಿ ಓಡಿದರೆ ಮಾತ್ರ ಗೋಡೆಗೆ ಉಜ್ಜಿಕೊಂಡು ಕೊಳೆ ಕೀಳುತ್ತದೆ. ಒಂದೂವರೆ ಇಂಚಿನ ಹೋಸಿನಲ್ಲಿ ಆ ವೇಗ ಬರಬೇಕಾದರೆ ಗಂಟೆಗೆ ಸುಮಾರು 6 ಸಾವಿರ ಲೀಟರ್ ಹರಿಸುವ ಪಂಪು ಬೇಕು. ಬಾಲ್ದಿಯಿಂದ ನೀರು ಸುರಿದು ಹೋಸನ್ನು ಎತ್ತಿ ಅಲ್ಲಾಡಿಸಿದರೆ ಒಳಗೆ ತೊಳೆದಂತಾಗುವುದಿಲ್ಲ. ಇನ್ನು ನಮ್ಮ ಮಳೆಗಾಲ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸುರುಳಿ ಸುತ್ತಿ ಮೂಲೆಗಿಟ್ಟ ಹೋಸು ಒಣಗುವುದೇ ಇಲ್ಲ. ಅದನ್ನು ಇಳಿಜಾರಾಗಿ, ಎಲ್ಲಿಯೂ ಜೋಲದಂತೆ ತೂಗುಹಾಕಬೇಕು, ನೀರು ಬಸಿದ ಮೇಲೆ ತುದಿಗಳಿಗೆ ಮುಚ್ಚಳ ಹಾಕಬೇಕು. ಟ್ಯಾಂಕರಿನ ಪಕ್ಕ ಮುರಕಲ್ಲಿನ ಜಲ್ಲಿಯ ಮೇಲೆ ಎಳೆದಾಡಿದ ಹೋಸಿನ ಕೊರಳು ಕ್ಯಾಪಿನ ಹತ್ತಿರವೇ ಬಿರಿಯುತ್ತದೆ, ನೋಡುವಾಗ ಮೊದಲು ಅಲ್ಲಿಯೇ ನೋಡಬೇಕು.

ನಿಮ್ಮ ಸೊಸೈಟಿಯ ಹೋಸು ಹೇಗಿದೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಡ. ಡೇರಿಗಳಲ್ಲಿ ಹಳೆಯ ಎಂಬಿಆರ್‌ಟಿ ಪರೀಕ್ಷೆಯಿದೆ. 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ಮೀಥೈಲೀನ್ ಬ್ಲೂ ಹಾಕಿ 37 ಡಿಗ್ರಿಯ ನೀರಿನಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಐದು ಗಂಟೆ ನೀಲಿ ಉಳಿದರೆ ಬಹಳ ಒಳ್ಳೆಯ ಹಾಲು, ಅರ್ಧ ಗಂಟೆಯಲ್ಲಿ ಬಿಳಿಯಾದರೆ ಕೆಟ್ಟದ್ದು. ಕೂಲರಿನಿಂದ ಒಂದು ಮಾದರಿ, ಹೋಸಿನಿಂದ ಹೊರಬರುವ ಮೊದಲ ಹಾಲಿನದೊಂದು ಮಾದರಿ ತೆಗೆದು ಪಕ್ಕಪಕ್ಕ ಇಡಿ. ಎರಡರ ನಡುವೆ ದೊಡ್ಡ ಅಂತರ ಬಂದರೆ ರೈತರ ಹಟ್ಟಿಯನ್ನು ದೂರುವ ಮೊದಲು ಹೋಸಿನ ಕೊರಳನ್ನು ಸೀಳಿ ನೋಡಿ.

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳು ಸರಕಾರವೇ ಒಪ್ಪಿದ ಕನ್ನಡ ಭಾಷಾ ಅಲ್ಪಸಂಖ್ಯಾತ ಪ್ರದೇಶ. ಇಲ್ಲಿನ ಸೊಸೈಟಿಗಳಲ್ಲಿ ಹೋಸು ಹಿಡಿಯುವ, ತೊಳೆಯುವ ಕೈಗಳಲ್ಲಿ ಅನೇಕವು ಕನ್ನಡ ಓದುವವರದು. ಹೋಸಿನ ಜೊತೆ ಬರುವ ಸೂಚನೆ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಮಿಲ್ಮಾದ ಮಲಬಾರ್ ಒಕ್ಕೂಟವೂ ಕ್ಷೀರಾಭಿವೃದ್ಧಿ ಇಲಾಖೆಯೂ ಸೇರಿ ಪ್ರತಿ ಕೂಲರ್ ಕೋಣೆಯ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಲಿ. ಅದರಲ್ಲಿ ಹೋಸು ಬಂದ ದಿನಾಂಕ, ಕ್ರಿಂಪಿನ ವ್ಯಾಸ, ಕಳೆದ ಸಲ ಪರೀಕ್ಷಿಸಿದ ದಿನ, ಬದಲಾಯಿಸಬೇಕಾದ ದಿನ ಬರೆಯಲು ಜಾಗವಿರಲಿ. ಸೊಸೈಟಿಯ ಮುಂದಿನ ಮಹಾಸಭೆಗೆ ಹೋಗುವ ಸದಸ್ಯರು ಹಾಲಿನ ದರ, ಬೋನಸ್ಸಿನ ಜೊತೆ ನಮ್ಮ ಹೋಸಿಗೆ ಕ್ಲಿಪ್ ಇದೆಯೋ ಕ್ರಿಂಪ್ ಇದೆಯೋ ಎಂದೂ ಕಾರ್ಯದರ್ಶಿಯವರನ್ನು ಕೇಳಿ. ಕ್ಲಿಪ್ ಎಂದರೆ, ಅದನ್ನು ಬದಲಾಯಿಸುವ ನಿರ್ಣಯವನ್ನು ಅದೇ ಸಭೆಯಲ್ಲಿ ಬರೆಸಿ ಬನ್ನಿ.